ತಾರೀಖಿಲ್ಲದ ಗಾಯ

ಕೋಲಾರ ತಾಲ್ಲೂಕಿನ ವೇಮಗಲ್ ಕಡೆ ಒಂದು ತಲೆಮಾರಿನ ಹಿಂದೆ ಯಾರಾದರೂ ಸೊಂಟ ಹಿಡಿದುಕೊಂಡಿದೆ ಎಂದರೆ ಕಾರಣ ಕೇಳಬೇಕಾಗಿರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ, ಟೊಮೆಟೊ ಕ್ರೇಟು, ಹಸುವಿನ ಮೇವು, ಇವುಗಳಲ್ಲಿ ಒಂದು. ಈಗ ಅದೇ ಮನೆಯ ಮಗಳು ಬಲಗೈ ಹೆಬ್ಬೆರಳಿನ ಬುಡ ನೋಯುತ್ತದೆ ಎನ್ನುತ್ತಾಳೆ. ಮಗ ರಾತ್ರಿ ಪಾಳಿ ಮುಗಿಸಿ ಬಂದು ಕತ್ತು ತಿರುಗಿಸಲಾಗದೆ ಮಲಗುತ್ತಾನೆ. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ 2013ರಲ್ಲಿ ಶುರುವಾಯಿತು. ಅಲ್ಲಿಯೇ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ಏರ್‌ಬಸ್‌ನ ಎಚ್‌125 ಹೆಲಿಕಾಪ್ಟರ್ ಜೋಡಿಸಲು ಟಾಟಾ ಸಂಸ್ಥೆ ಆರಿಸಿಕೊಂಡದ್ದು ವೇಮಗಲ್ ಕೈಗಾರಿಕಾ ಪ್ರದೇಶವನ್ನು. ಹಳ್ಳಿ ಹಳ್ಳಿಗೂ ಕಂಪನಿ ಬಸ್ಸು ಬರುತ್ತದೆ. ಹೊಲದ ನೋವು ಇನ್ನೂ ಹೋಗಿಲ್ಲ. ಅದರ ಪಕ್ಕದಲ್ಲಿ ಲೈನಿನ ನೋವು ಬಂದು ಕೂತಿದೆ.

ಈ ನೋವಿಗೆ ನಮ್ಮ ಸೀಮೆಯಲ್ಲಿ ಏನೇನು ಉಪಚಾರಗಳಿವೆ, ಅವುಗಳಲ್ಲಿ ಯಾವುದರಿಂದ ಎಷ್ಟು ಗುಣ, ಕಂಪನಿಗಳು ನಡೆಸುವ ಆರೋಗ್ಯ ಕಾರ್ಯಕ್ರಮಗಳು ಎಲ್ಲಿಯವರೆಗೆ ಮುಟ್ಟುತ್ತವೆ, ಕಾನೂನು ಈ ನೋವನ್ನು ಏನೆಂದು ಬರೆದುಕೊಳ್ಳುತ್ತದೆ ಎಂಬುದನ್ನು ಒಟ್ಟಾಗಿ ನೋಡಬೇಕಾದ ಕಾಲ ಬಂದಿದೆ. ನೀವಿಸಿಕೊಳ್ಳುವುದರಿಂದ ಸಿಗುವ ಸುಖ ನಿಜ, ಫಿಸಿಯೋಥೆರಪಿಯಿಂದ ಆಗುವ ಗುಣವೂ ನಿಜ. ಆದರೆ ನೋವು ಹುಟ್ಟುವ ಮೇಜು, ಹುಟ್ಟಿಸುವ ವೇಗ, ಅದನ್ನು ಬರೆದುಕೊಳ್ಳದ ಕಾಗದ ಹಾಗೇ ಉಳಿದರೆ ಎರಡೂ ಸೋಲುತ್ತವೆ ಎಂಬುದು ನನ್ನ ತೀರ್ಮಾನ.

ಹೆಬ್ಬೆರಳಿನಿಂದಲೇ ಶುರುಮಾಡೋಣ. ಮೇಲಿನಿಂದ ನೇತುಬಿಟ್ಟ ವಿದ್ಯುತ್ ಸ್ಕ್ರೂಡ್ರೈವರನ್ನು ಎಳೆದುಕೊಂಡು, ಮಣಿಕಟ್ಟನ್ನು ಓರೆಮಾಡಿ, ಚಿಕ್ಕ ಸ್ಕ್ರೂ ಕೂರಿಸಿ ಬಿಡುವ ಕೆಲಸ. ಇಪ್ಪತ್ತು ಸೆಕೆಂಡಿಗೆ ಒಂದು ಎಂದರೂ ಗಂಟೆಗೆ 180, ಎಂಟು ಗಂಟೆಗೆ 1,440 ಸಲ. ಒಂದೊಂದು ಸಲವೂ ಹೆಬ್ಬೆರಳನ್ನು ಎತ್ತುವ ಎರಡು ನರಗಳು (ನಾವು ನರ ಎನ್ನುತ್ತೇವೆ, ನಿಜಕ್ಕೂ ಅವು ಸ್ನಾಯುವಿನ ಹುರಿಗಳು) ಮಣಿಕಟ್ಟಿನ ಪಕ್ಕದ ಇಕ್ಕಟ್ಟಾದ ತೂಬಿನಲ್ಲಿ ಉಜ್ಜಿಕೊಂಡು ಹೋಗುತ್ತವೆ. ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ರಾತ್ರಿ ಸೆಳೆತ. ಆಮೇಲೆ ಚಪಾತಿ ಹಿಟ್ಟು ನಾದಲಾಗದು, ನೀರಿನ ಬಿಂದಿಗೆ ಎತ್ತಲಾಗದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿ ನೋಡಿ: ಹೆಬ್ಬೆರಳಿನ ಬುಡದಲ್ಲಿ ಚಳುಕು ಹೊಡೆದರೆ ಇದೇ ತೊಂದರೆಯಿರಬಹುದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ಇದಕ್ಕಿದೆ. ಕೆಲಸ ರೋಗ ತರುತ್ತದೆ ಎಂಬ ಅರಿವು ಇನ್ನೂ ಹಳೆಯದು. ಇಟಲಿಯ ವೈದ್ಯ ರಮಜ್ಜೀನಿ ಕುಶಲಕರ್ಮಿಗಳ ರೋಗಗಳ ಬಗ್ಗೆ 1700ರಲ್ಲೇ ಪುಸ್ತಕ ಬರೆದು, ಕೂತು ಬರೆಯುವ ಗುಮಾಸ್ತರ ಕೈ ಸೋಲುವುದನ್ನೂ ಅದರ 1713ರ ಆವೃತ್ತಿಯಲ್ಲಿ ಸೇರಿಸಿದ್ದರು.

ನಮ್ಮ ಕಡೆ ನೋವು ಬಂದವರು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಮುಲಾಮು, ನೋವಿನ ಮಾತ್ರೆ, ಆಮೇಲೆ ಊರಿನ ಡಾಕ್ಟರ ಹತ್ತಿರ ಒಂದು ಸೂಜಿ. ಅದು ಮುಗಿದ ಮೇಲೆ ನೀವುವವರು. ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಹಾಕುವ ಅಜ್ಜಿಯ ಕೈ ಸೊಂಟದ ನೋವಿಗೂ ಒದಗುತ್ತದೆ. ಉಳುಕಿದ ಬೆನ್ನನ್ನು ಕಾಲು ಮುಂದಾಗಿ ಹುಟ್ಟಿದವರು ಪಾದದಿಂದ ಸೋಕಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಮೂಳೆ ಮುರಿದರೆ ಗಡಿ ದಾಟಿ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವುದು ಮುಳಬಾಗಿಲು, ಶ್ರೀನಿವಾಸಪುರ ಕಡೆಯವರಿಗೆ ಅಜ್ಜನ ಕಾಲದ ಅಭ್ಯಾಸ. ಇವನ್ನೆಲ್ಲ ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ನೀವುವ ಕೈಗೆ ಅನುಭವವಿದೆ, ಕೇಳಿದಷ್ಟು ಹೊತ್ತು ಕೊಡುತ್ತದೆ, ಕೊಟ್ಟಷ್ಟು ದುಡ್ಡು ತೆಗೆದುಕೊಳ್ಳುತ್ತದೆ. ಹನ್ನೆರಡು ಗಂಟೆ ನಿಂತು ಬಂದ ಹೆಣ್ಣುಮಗಳ ಕಾಲನ್ನು ಯಾರಾದರೂ ಹತ್ತು ನಿಮಿಷ ಪ್ರೀತಿಯಿಂದ ಹಿಡಿದರೆ ಅದೇ ದೊಡ್ಡ ಔಷಧ.

ಆದರೂ ಕೆಲವು ಕಡೆ ಕೈ ಹಾಕಲೇಬಾರದು, ಅದನ್ನು ನೀವುವವರೂ ನೀವಿಸಿಕೊಳ್ಳುವವರೂ ತಿಳಿದಿರಬೇಕು. ಬೆನ್ನುನೋವಿನ ಜೊತೆಗೆ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಜೋಮು ಹಿಡಿದರೆ ಅದು ಆ ದಿನವೇ ದೊಡ್ಡಾಸ್ಪತ್ರೆಗೆ ಓಡಬೇಕಾದ ಸ್ಥಿತಿ. ತಡಮಾಡಿದರೆ ನರ ಶಾಶ್ವತವಾಗಿ ಹಾಳಾಗುತ್ತದೆ. ರಾತ್ರಿ ಜ್ವರ, ತೂಕ ಇಳಿಕೆ, ಬಿಡದ ಬೆನ್ನುನೋವು ಸೇರಿದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಿದರೆ ಪ್ರಾಣಕ್ಕೇ ಕುತ್ತು. ಮುರಿದ ಮೂಳೆಗೆ ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ಬೆರಳು ತಣ್ಣಗಾಗಿ ಕಪ್ಪಾದರೆ ಕಟ್ಟನ್ನು ತಕ್ಷಣ ಬಿಚ್ಚಿಸಬೇಕು.

ಮಸಾಜಿನ ಬಗ್ಗೆ ಸಂಶೋಧನೆ ಹೇಳುವುದು ನಮ್ಮ ಅಜ್ಜಿಯರ ಅನುಭವಕ್ಕೆ ದೂರವಿಲ್ಲ. ಬೆನ್ನುನೋವಿಗೆ ಮಸಾಜು ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಸ್ವಲ್ಪ ಕಾಲದ ಮಟ್ಟಿಗೆ ನೋವು ತಗ್ಗುತ್ತದೆ, ಆಮೇಲೆ ಆ ಗುಣ ನಿಲ್ಲುವುದಿಲ್ಲ, ಸಾಕ್ಷ್ಯವೂ ಗಟ್ಟಿಯಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಬೆನ್ನುನೋವಿಗೆಂದು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಮಸಾಜನ್ನು ಬಳಸಬಹುದಾದ ಉಪಚಾರಗಳ ಸಾಲಿನಲ್ಲಿ ಇಟ್ಟಿದೆ, ಆದರೆ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ. ಆ ಮಾರ್ಗಸೂಚಿಯ ಇನ್ನೊಂದು ಭಾಗ ನಮ್ಮ ಕ್ಲಿನಿಕ್‌ಗಳಿಗೆ ನೇರವಾಗಿ ತಟ್ಟುತ್ತದೆ. ಅದು ಬೇಡ ಎಂದಿರುವ ಪಟ್ಟಿಯಲ್ಲಿ ಸೊಂಟದ ಬೆಲ್ಟು, ಬೆನ್ನು ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕೊಡುವ ಕರೆಂಟು ಇವೆ.

ಕೋಲಾರ ಸೀಮೆಯ ಸಾಮಾನ್ಯ ರೋಗಿಯ ಮನಸ್ಸಿನಲ್ಲಿ ಫಿಸಿಯೋಥೆರಪಿ ಎಂದರೆ ಇದೇ: ಹೋಗಿ ಮಲಗುವುದು, ಕರೆಂಟ್ ಇಡಿಸಿಕೊಳ್ಳುವುದು, ದಿನಕ್ಕಿಷ್ಟು ಕೊಟ್ಟು ಬರುವುದು. ಯಂತ್ರವಿಲ್ಲದೆ ಬರೀ ವ್ಯಾಯಾಮ ಹೇಳಿಕೊಟ್ಟರೆ 'ಇದಕ್ಕೇನು ದುಡ್ಡು?' ಎಂಬ ಮುಖ. ಹಾಗಾಗಿ ಕಲಿತ ಫಿಸಿಯೋ ಕೂಡ ಯಂತ್ರ ಇಟ್ಟುಕೊಳ್ಳಲೇಬೇಕು. ಈ ವಿದ್ಯೆಯ ತಿರುಳು ಬೇರೆ. ಯಾವ ಚಲನೆಯಲ್ಲಿ ನೋವು, ಯಾವ ಸ್ನಾಯು ಸೋತಿದೆ, ಯಾವುದು ಬಿಗಿದಿದೆ ಎಂದು ಪರೀಕ್ಷಿಸಿ, ಸಹಿಸುವಷ್ಟು ಭಾರದಿಂದ ಆರಂಭಿಸಿ ವಾರವಾರ ಏರಿಸುತ್ತ, ಆ ಕೀಲಿಗೆ ಮತ್ತೆ ಕೆಲಸದ ತಾಕತ್ತು ಬರುವವರೆಗೆ ಜೊತೆಗಿರುವುದು ಅದರ ಕೆಲಸ. ಬೆನ್ನು ನೋಯುತ್ತಿದೆಯೆಂದು ಹಾಸಿಗೆ ಹಿಡಿಯಬಾರದು, ಆದಷ್ಟು ಓಡಾಡಿಕೊಂಡಿರಬೇಕು ಎಂಬುದು ಈಗ ಜಗತ್ತಿನ ತಜ್ಞರ ಒಮ್ಮತ; ಲ್ಯಾನ್ಸೆಟ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಲೇಖನಮಾಲೆಯೂ ಇದನ್ನೇ ಒತ್ತಿ ಹೇಳಿತು. ಬೆನ್ನುನೋವು ಬಾರದಂತೆ ತಡೆಯುವುದರ ಬಗ್ಗೆ 2016ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ, ವ್ಯಾಯಾಮ ಮತ್ತು ತಿಳಿವಳಿಕೆ ಸೇರಿದರೆ ನೋವು ಬರುವ ಸಾಧ್ಯತೆ ನೂರಕ್ಕೆ ಸುಮಾರು 45ರಷ್ಟು ತಗ್ಗುತ್ತದೆ ಎಂದು ಕಂಡುಕೊಂಡಿತು. ಬೆಲ್ಟಿನಿಂದಾಗಲಿ ಶೂ ಒಳಗಿನ ಮೆತ್ತೆಯಿಂದಾಗಲಿ ಅಂಥ ಫಲ ಸಿಕ್ಕಿಲ್ಲ. 'ಮಂಡಿ ಮಡಚಿ ಎತ್ತಿ, ಬೆನ್ನು ಬಗ್ಗಿಸಬೇಡಿ' ಎಂಬ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುತ್ತದೆ ಎಂಬುದಕ್ಕೂ ಪ್ರಯೋಗಗಳಲ್ಲಿ ಆಧಾರ ಸಿಕ್ಕಿಲ್ಲ. ಕಾರ್ಖಾನೆಯ ಗೋಡೆಯ ಮೇಲೆಲ್ಲ ಅಂಟಿಸಿರುವ ಚಿತ್ರ ಅದೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಭಾರ ಹಾಗೇ ಇಟ್ಟು ಎತ್ತುವವನ ಭಂಗಿಯನ್ನು ಮಾತ್ರ ತಿದ್ದುವುದು ತಪ್ಪನ್ನು ಅವನ ಮೇಲೆ ಹೊರಿಸುವ ಸುಲಭ ದಾರಿ.

ವೃತ್ತಿಯ ಚರಿತ್ರೆಯಲ್ಲಿ ಮಸಾಜು ಮತ್ತು ಫಿಸಿಯೋಥೆರಪಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಲಂಡನ್ನಿನಲ್ಲಿ 1894ರಲ್ಲಿ ನಾಲ್ವರು ನರ್ಸುಗಳು ಮಸಾಜು ವೃತ್ತಿಯ ಮಾನ ಕಾಪಾಡಲು ಕಟ್ಟಿದ ಸಂಘವೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆಯಾಯಿತು. ನಮ್ಮಲ್ಲಿ ಫಿಸಿಯೋಥೆರಪಿಗೆ ರಾಷ್ಟ್ರಮಟ್ಟದ ಕಾನೂನು ಬಂದದ್ದು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಿಂದ. ಮಸಾಜಿಗೆ ಹಾಗೊಂದು ನೋಂದಣಿಯ ಗಟ್ಟಿ ಚೌಕಟ್ಟು ಇಲ್ಲ. ಬೋರ್ಡು ಹಾಕಿದವರೆಲ್ಲ ಥೆರಪಿಸ್ಟ್ ಆಗಬಹುದಾದ ಕಾಲದಲ್ಲಿ ಹೋಗುವ ಮುನ್ನ ಓದಿನ ಬಗ್ಗೆ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಕಂಪನಿಗಳ ಆರೋಗ್ಯ ಕಾರ್ಯಕ್ರಮಗಳು. ಯೋಗ ದಿನಾಚರಣೆ, ಕುರ್ಚಿ ಮಸಾಜು, ಹೆಜ್ಜೆ ಎಣಿಸುವ ಸ್ಪರ್ಧೆ, ರಕ್ತದೊತ್ತಡ ತಪಾಸಣೆ, ಪರಿಣತರ ಭಾಷಣ. ಇವು ಬಹುಪಾಲು ಎಸಿ ಕಚೇರಿಯಲ್ಲಿ ಕೂತವರಿಗೆ ಸಿಗುತ್ತವೆ, ಲೈನಿನಲ್ಲಿ ನಿಂತವರಿಗೆ ಸಿಗುವುದು ಕಡಿಮೆ. ಅಮೆರಿಕದ ಒಂದು ದೊಡ್ಡ ಸಗಟು ಅಂಗಡಿ ಸಂಸ್ಥೆಯ 160 ಕೇಂದ್ರಗಳ ಸುಮಾರು 33 ಸಾವಿರ ನೌಕರರ ಮೇಲೆ ಇಂಥ ಕಾರ್ಯಕ್ರಮವನ್ನು ಪ್ರಯೋಗಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನೆಂಟು ತಿಂಗಳ ಬಳಿಕ ನೌಕರರು ತಮ್ಮ ಅಭ್ಯಾಸ ಸುಧಾರಿಸಿದೆ ಎಂದರು; ತೂಕ, ರಕ್ತದೊತ್ತಡ, ವೈದ್ಯಕೀಯ ಖರ್ಚು, ಗೈರುಹಾಜರಿ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾಳಿಯ ಶುರುವಿನಲ್ಲಿ ಎಲ್ಲರೂ ಸೇರಿ ಮೈಸಡಿಲಿಸುವ ಜಪಾನಿನ ಪದ್ಧತಿ ನನಗೆ ಮೆಚ್ಚುಗೆ. 1928ರಿಂದ ಅಲ್ಲಿ ರೇಡಿಯೋದಲ್ಲಿ ವ್ಯಾಯಾಮ ಬರುತ್ತಿದೆ, ಕಾರ್ಖಾನೆಗಳಲ್ಲೂ ಅದು ರೂಢಿ. ಆದರೆ ಐದು ನಿಮಿಷದ ವ್ಯಾಯಾಮ ಮುಗಿಸಿ, ಎದೆಮಟ್ಟದ ಮೇಜಿನ ಮೇಲೆ ತೋಳೆತ್ತಿಕೊಂಡು ಗಂಟೆಗಟ್ಟಲೆ ದುಡಿದರೆ ಭುಜ ಉಳಿಯುವುದಿಲ್ಲ. ಮೇಜನ್ನು ನಾಲ್ಕಿಂಚು ತಗ್ಗಿಸಬೇಕು, ಕುಳ್ಳಗಿರುವವರಿಗೆ ನಿಲ್ಲಲು ಮಣೆ ಕೊಡಬೇಕು, ಸ್ಕ್ರೂಡ್ರೈವರಿನ ಹಿಡಿ ಮಣಿಕಟ್ಟು ಓರೆಯಾಗದಂತಿರಬೇಕು, ಎರಡು ಗಂಟೆಗೊಮ್ಮೆ ಕೆಲಸದ ಜಾಗ ಬದಲಾಗಬೇಕು. ಫಿಸಿಯೋಥೆರಪಿಸ್ಟ್ ಲೈನಿನ ಪಕ್ಕ ನಿಂತು ನೋಡಿದರೆ ಒಂದೇ ದಿನದಲ್ಲಿ ಇವನ್ನು ಗುರುತಿಸಬಲ್ಲರು. ಅವರನ್ನು ಕಾರ್ಖಾನೆಯ ಚಿಕಿತ್ಸಾ ಕೊಠಡಿಯಲ್ಲಿ ಕೂರಿಸಿ ಬಂದವರಿಗೆ ಶಾಖ ಕೊಡಿಸಿದರೆ ಆ ವಿದ್ಯೆಯ ಅರ್ಧ ಪೋಲು. ಲೈನಿನೊಳಗೆ ಹೋಗುವ, ಮೇಜು ಬದಲಿಸಿ ಎಂದು ಬರೆದು ಕೊಡುವ, ಆ ಬರಹಕ್ಕೆ ಉತ್ತರ ಕೇಳುವ ಅಧಿಕಾರ ಅವರಿಗೆ ಇರಬೇಕು.

ಇಲ್ಲಿಗೆ ಕಾನೂನಿನ ಮಾತು ಬರುತ್ತದೆ. ಪ್ರೆಸ್ಸಿನಲ್ಲಿ ಬೆರಳು ಸಿಕ್ಕಿ ಹೋದರೆ ಅದಕ್ಕೆ ದಿನವಿದೆ, ಗಂಟೆಯಿದೆ, ನೋಡಿದ ಸಾಕ್ಷಿಯಿದೆ. ಇಎಸ್‌ಐ (ನೌಕರರ ರಾಜ್ಯ ವಿಮಾ ನಿಗಮ) ಅದನ್ನು ಕೆಲಸದಲ್ಲಾದ ಗಾಯ ಎಂದು ಒಪ್ಪಿ, ತಾತ್ಕಾಲಿಕ ಅಂಗವೈಕಲ್ಯದ ದಿನಗಳಿಗೆ ಸಂಬಳದ ನೂರಕ್ಕೆ 90ರಷ್ಟು ಕೊಡುತ್ತದೆ. ಎರಡು ವರ್ಷ ಸ್ಕ್ರೂ ಕೂರಿಸಿ ಕೂರಿಸಿ ಸವೆದ ಮಣಿಕಟ್ಟಿಗೆ ಯಾವ ತಾರೀಖು ಬರೆಯುವುದು? ಕೆಲಸದ ಗಾಯ ಎನ್ನಿಸಿಕೊಳ್ಳಲು ಒಂದೋ ಅಪಘಾತವಾಗಬೇಕು, ಇಲ್ಲವೇ ಪಟ್ಟಿಯಲ್ಲಿರುವ ಔದ್ಯೋಗಿಕ ರೋಗವಾಗಿರಬೇಕು. ಹಾಗಿಲ್ಲದ ನೋವು ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಸಂಬಳದ ನೂರಕ್ಕೆ 70, ಅದೂ ವರ್ಷಕ್ಕೆ 91 ದಿನ. ಕಾರ್ಖಾನೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳು 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಇದ್ದವು: ಸೀಸದ ವಿಷ, ಪಾದರಸ, ಸಿಲಿಕೋಸಿಸ್, ಶಬ್ದದಿಂದ ಕಿವುಡು ಹೀಗೆ. ಬೆನ್ನು, ಭುಜ, ಮಣಿಕಟ್ಟಿನ ಸವೆತ ಒಂದೂ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದರೂ ಪಟ್ಟಿ ಬೆಳೆಯಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾತ್ರ ತನ್ನ 2010ರ ಪಟ್ಟಿಯಲ್ಲಿ ಸ್ನಾಯು ಮತ್ತು ಕೀಲುಗಳ ತೊಂದರೆಗಳಿಗೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟು, ಹೆಬ್ಬೆರಳ ಬುಡದ ಆ ಉರಿಯೂತವನ್ನೂ ಮಣಿಕಟ್ಟಿನಲ್ಲಿ ನರ ಒತ್ತುವ ರೋಗವನ್ನೂ ಹೆಸರಿಸಿದೆ.

ನಿಧಾನವಾಗಿ ಬರುವ ಗಾಯವನ್ನು ಕಾನೂನು ಒಪ್ಪುವುದು ಅಸಾಧ್ಯ ಎನ್ನುವವರು ಇದೇ ಕೋಲಾರದ ಚಿನ್ನದ ಗಣಿಯನ್ನು ನೆನೆಯಬೇಕು. ಕೆಜಿಎಫ್‌ನಲ್ಲಿ ಬಂಡೆ ಕೊರೆಯುವ ದೂಳು ಉಸಿರುಚೀಲದಲ್ಲಿ ವರ್ಷಗಟ್ಟಲೆ ಕೂತು ಆಮೇಲೆ ಕೊಲ್ಲುತ್ತಿತ್ತು. ಅದಕ್ಕೂ ತಾರೀಖು ಇರಲಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಅಲ್ಲಿಂದಲೇ, 1934ರಲ್ಲಿ. ಮುಂದೆ 1940ರಿಂದ 46ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಅದು ಕಂಡಿತು. ಎಣಿಸಿದ ಮೇಲೆ ಅಲ್ಲಗಳೆಯಲಾಗಲಿಲ್ಲ. ಇಂದು ಸಿಲಿಕೋಸಿಸ್ ಪಟ್ಟಿಯಲ್ಲಿದೆ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದೇ ಜಿಲ್ಲೆಯಲ್ಲಿ ಈಗ ಮಣಿಕಟ್ಟು, ಭುಜ, ಸೊಂಟಗಳನ್ನು ಎಣಿಸುವ ಕೆಲಸ ಬಾಕಿಯಿದೆ. ಎಣಿಸಲು ಬೇಕಾದವರು ದೂರದಲ್ಲಿಲ್ಲ. ಔದ್ಯೋಗಿಕ ಆರೋಗ್ಯಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದಲ್ಲಿದೆ, ಕೋಲಾರದ ತಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ.

ವಯಸ್ಸಿನ ವಿಚಾರವೂ ಇದೆ. ಹೊಸ ಸಂಹಿತೆಯ ದೊಡ್ಡ ಕೊಡುಗೆಯೆಂದು ಹೇಳುತ್ತಿರುವುದು 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ. ನರಸಾಪುರದ ಲೈನುಗಳಲ್ಲಿ ನಿಲ್ಲುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು, ಬಹಳಷ್ಟು ಮಂದಿ ಗುತ್ತಿಗೆಯವರು. ನೋವು ತಡೆಯಲಾಗದಾಗ ಅವರು ಕೆಲಸ ಬಿಡುತ್ತಾರೆ, ಆ ಜಾಗಕ್ಕೆ ಹೊಸ ಕೈ ಬರುತ್ತದೆ, ಲೆಕ್ಕದಲ್ಲಿ ನೋವು ಕಾಣುವುದೇ ಇಲ್ಲ. ಮದುವೆಯಾಗಿ ಮನೆಯಲ್ಲಿ ಉಳಿದವಳ ಮಣಿಕಟ್ಟು ಸಂಸಾರದ ಖರ್ಚಿಗೆ ಸೇರುತ್ತದೆ. ಕೆಲಸದ ಹೊತ್ತು ಮಾತ್ರ ಬೆಳೆಯುತ್ತಿದೆ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ನಡೆದ ಗಲಭೆಯ ಹಿಂದೆ ಸಂಬಳದ ಗೊಂದಲದ ಜೊತೆಗೆ ಎಂಟು ಗಂಟೆಯ ಪಾಳಿ ಹನ್ನೆರಡಾದ ಸಂಗತಿಯೂ ಇತ್ತು. ಅದಾಗಿ ಎರಡು ವರ್ಷದ ಮೇಲೆ, 2023ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಫ್ಯಾಕ್ಟರಿ ಕಾಯ್ದೆಯ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು ದಿನಕ್ಕೆ 12 ಗಂಟೆಯವರೆಗೆ, ವಿರಾಮವಿಲ್ಲದೆ ಆರು ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ದೇಹದ ಲೆಕ್ಕ ವಾರದಲ್ಲಿ ನಡೆಯುವುದಿಲ್ಲ. ಒಂಬತ್ತನೇ ಗಂಟೆಗೆ ದಣಿದ ಸ್ನಾಯು ಮುಂದಿನ ಮೂರು ಗಂಟೆ ಕೀಲನ್ನು ಕಾಯಲಾರದು, ವಾರದ ಕೊನೆಗೆ ಎಷ್ಟೇ ರಜೆ ಕೊಟ್ಟರೂ. ಇನ್ನೊಂದು ಹಳೆಯ ಮಾತು ಮರೆತೇಹೋಗಿದೆ: ನಿಂತು ದುಡಿಯುವವರಿಗೆ ಬಿಡುವಾದಾಗ ಕೂರಲು ಆಸನ ಇರಬೇಕೆಂದು 1948ರ ಕಾಯ್ದೆಯ 44ನೇ ಸೆಕ್ಷನ್ ಹೇಳಿತ್ತು, ಹೊಸ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಇನ್ಸ್‌ಪೆಕ್ಟರ್ ಬಂದಾಗ ಮೊದಲು ಕೇಳಬೇಕಾದದ್ದು ಆ ಸ್ಟೂಲು ಎಲ್ಲಿದೆ ಎಂದು.

ನರಸಾಪುರದಲ್ಲಿ ಇಎಸ್‌ಐ ಆಸ್ಪತ್ರೆಗೆ 2024ರ ಅಕ್ಟೋಬರ್ 29ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅಲ್ಲಿಗೆ ಒಳ್ಳೆಯ ಫಿಸಿಯೋಥೆರಪಿ ವಿಭಾಗ ಬೇಕು ಎನ್ನುವುದು ಸಾಲದು. ರೋಗಿಯ ಚೀಟಿಯಲ್ಲಿ 'ಯಾವ ಕೆಲಸ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ' ಎಂಬ ಕಾಲಂ ಇರಲಿ. ಒಂದೇ ಲೈನಿನಿಂದ ಒಂದೇ ನೋವಿನವರು ಹತ್ತು ಮಂದಿ ಬಂದರೆ ಅದು ಫ್ಯಾಕ್ಟರಿಗಳ ಇಲಾಖೆಗೆ ತಿಳಿಯುವ ವ್ಯವಸ್ಥೆ ಇರಲಿ. ತಿಂಗಳಿಗೆ 21 ಸಾವಿರ ರೂಪಾಯಿಯವರೆಗೆ ಸಂಬಳವಿರುವವರಿಗೆ ಇಎಸ್‌ಐ ಅನ್ವಯ. ಸಂಬಳ ಅಷ್ಟನ್ನು ದಾಟಿದ ಕೂಡಲೇ ಕೈನೋವು ನಿಲ್ಲುವುದಿಲ್ಲವಾದ್ದರಿಂದ 2017ರಿಂದ ಅಲುಗದ ಈ ಮಿತಿಯೂ ಏರಬೇಕು.

ಇಷ್ಟೆಲ್ಲ ಇಎಸ್‌ಐ ಕಾರ್ಡು ಇರುವವರ ಮಾತಾಯಿತು. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯ ಹಮಾಲಿಗಳಿಗೆ, ಮಾಲೂರಿನ ಇಟ್ಟಿಗೆ ಗೂಡಿನವರಿಗೆ, ಕಲ್ಲು ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದು ಬೆರಳು ಮರಗಟ್ಟಿಸಿಕೊಂಡವರಿಗೆ ಆ ಕಾರ್ಡೂ ಇಲ್ಲ. ಹಮಾಲಿಗಳಿಗೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಇದೆಯಾದರೂ ಅದೂ ಅಪಘಾತವನ್ನೇ ಎದುರು ನೋಡುತ್ತದೆ. ಟೊಮೆಟೊ ಕ್ರೇಟಿನ ತೂಕ 15 ಕಿಲೋ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1991ರಲ್ಲಿ ರೂಪಿಸಿದ ಲೆಕ್ಕದಲ್ಲಿ ಎಲ್ಲ ಅನುಕೂಲವಿದ್ದಾಗ ಎತ್ತಬಹುದಾದ ಭಾರ 23 ಕಿಲೋ. ಅದಕ್ಕೆ ಹೋಲಿಸಿದರೆ 15 ಹಗುರವೇ. ಆದರೆ ಆ ಲೆಕ್ಕದಲ್ಲಿ ಭಾರ ಮೈಗೆ ಎಷ್ಟು ದೂರ, ಎಷ್ಟು ಎತ್ತರಕ್ಕೆ, ಎಷ್ಟು ಸಲ, ಸೊಂಟ ತಿರುಚಿಕೊಂಡೇ ಎಂದು ನೋಡಿ ಮಿತಿ ಇಳಿಯುತ್ತ ಹೋಗುತ್ತದೆ. ನೆಲದಿಂದ ಎತ್ತಿ, ಅರ್ಧ ಸುತ್ತು ತಿರುಗಿ, ತಲೆಗಿಂತ ಎತ್ತರದ ಲಾರಿಯ ಸಾಲಿಗೆ ದೂಡುವಾಗ ಅದು ಹದಿನೈದಕ್ಕಿಂತ ಎಷ್ಟೋ ಕೆಳಗೆ ಬಂದಿರುತ್ತದೆ. ನಾನೂರು ಕ್ರೇಟು ತುಂಬಿಸಿದವನು ಆರು ಟನ್ ಎತ್ತಿದ್ದಾನೆ. ಅವನಿಗೆ ಮಂಡಿಯ ಮೂಲೆಯಲ್ಲಿ ಫಿಸಿಯೋಥೆರಪಿ ಕೊಠಡಿ ಕಟ್ಟಿಸುವ ಮುನ್ನ ಲಾರಿಯ ಹಲಗೆ ಮಟ್ಟಕ್ಕೆ ಕಟ್ಟೆಯನ್ನು ಏರಿಸಿ, ಕ್ರೇಟು ಜಾರಿಕೊಂಡು ಹೋಗುವ ರೋಲರ್ ಪಟ್ಟಿ ಹಾಕಿಸಬೇಕು. ಮಂಡಿ ಪ್ರತಿ ಲೋಡಿಗೂ ಶುಲ್ಕ ವಸೂಲು ಮಾಡುತ್ತದೆ. ಆ ಶುಲ್ಕದಿಂದ ಮೊದಲು ಆಗಬೇಕಾದ ಕೆಲಸ ಇದು.